ಬಾಗಿಲ ಬಳಿಯ ಹತ್ತನೇ ಪೆಟ್ಟಿಗೆ

ಇಪ್ಪತ್ತಮೂರು ವರ್ಷಗಳಲ್ಲಿ ನಾನೂರ ಹನ್ನೆರಡು ಜನರ ಬಾಯಿ ಬಿಡಿಸಿದ ಮನುಷ್ಯ ನಾನು. ಪೊಲೀಸನಲ್ಲ. ಹಳಬರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ, ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ, ಸಂಖ್ಯೆ ಕೊಟ್ಟು ವಿಶ್ವವಿದ್ಯಾಲಯದ ಕಪಾಟಿನಲ್ಲಿಡುವ ಮೌಖಿಕ ಇತಿಹಾಸ ಸಂಗ್ರಾಹಕ. ಮೂವತ್ತು ವರ್ಷ ದೀಪಸ್ತಂಭ ಕಾಯ್ದು ಮಾತೇ ಮರೆತಿದ್ದ ಕಾವಲುಗಾರನಿಂದ ಹನ್ನೊಂದು ಗಂಟೆಗಳ ಹೇಳಿಕೆ ಪಡೆದವನು ನಾನು; ಮಾತು ನಿಲ್ಲಿಸಲು ಬಾರದ ಟೆಲಿಫೋನ್ ಆಪರೇಟರ್ ಒಬ್ಬರನ್ನು ನಲವತ್ತು ನಿಮಿಷಕ್ಕೆ ಇಳಿಸಿದವನೂ ನಾನೇ. ಇಂಥವನ ಮುಂದೆ ಒಂದು ಗಿಟಾರ್ ಆಂಪ್ಲಿಫೈಯರ್ ಎಷ್ಟು ಹೊತ್ತು ಗುಟ್ಟು ಬಿಡದೆ ಕುಳಿತೀತು?

ನನ್ನ ಹೆಂಡತಿ ದಂತವೈದ್ಯೆ. ಹಾಗಾಗಿ ನಮ್ಮ ಮನೆಯಲ್ಲಿ ಇಬ್ಬರದೂ ಬಾಯಿ ಬಿಡಿಸುವ ಕಸುಬೇ. ವ್ಯತ್ಯಾಸ ಇಷ್ಟೆ: ಎದುರಿನವರು ಬಾಯಿ ತೆರೆದ ಮೇಲೆ ಅವಳು ಕೆಲಸ ಆರಂಭಿಸುತ್ತಾಳೆ, ನಾನು ಸುಮ್ಮನಾಗುತ್ತೇನೆ. 'ಸಾಕ್ಷಿ ಮಾತಾಡುವಾಗ ಸಂಗ್ರಾಹಕನ ತುಟಿ ಹೊಲಿದಿರಬೇಕು' ಎಂಬುದು ವಿದ್ಯಾರ್ಥಿಗಳಿಗೆ ನಾನು ಕಲಿಸುವ ಮೊದಲ ನಿಯಮ. ಈ ವಾಕ್ಯವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ನಾನು ಇಟ್ಟುಕೊಳ್ಳಲಿಲ್ಲ.

ಮದುವೆಗೆ ಮುಂಚೆ ಅವಳು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಳು. ಆಮೇಲೆ ಕ್ಲಿನಿಕ್ಕು, ಮನೆ, ಮಗಳ ಪರೀಕ್ಷೆಗಳು. ಗಿಟಾರು ಬೀರುವಿನ ತಲೆಯೇರಿ ಹತ್ತೊಂಬತ್ತು ವರ್ಷ ಅಲ್ಲಿಯೇ ಸಂಸಾರ ಹೂಡಿತು. ಈ ವರ್ಷ ನಮ್ಮ ಬೀದಿಯ ಗ್ರಂಥಾಲಯಕ್ಕೊಂದು ಪುಟ್ಟ ಸಭಾಂಗಣವಾಯಿತು. ಅದು ತೆರೆಯುವ ಸಂಜೆ ಎರಡು ತುಣುಕು ನುಡಿಸಬೇಕೆಂದು ಗ್ರಂಥಪಾಲಕರು ಕೇಳಿದರು. ಮೂರು ಸಲ "ಆಗಲ್ಲ" ಎಂದವಳು ನಾಲ್ಕನೇ ಸಲ "ನೋಡೋಣ" ಎಂದಳು. ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳುವ ನನ್ನ ನಾದಿನಿ ಡ್ರಮ್ಸ್ ಬಾರಿಸಲು ಒಪ್ಪಿದಳು. ದಿನವಿಡೀ ಕಲಿಯುವವರ ಪಕ್ಕ ಕುಳಿತು ನಡುಗುವ ಕೈಗಳಿಗೆ ಸಂಜೆ ಏನನ್ನಾದರೂ ಹೊಡೆಯುವ ಅಗತ್ಯವಿತ್ತು. ಆದರೆ ಮೊದಲ ಅಭ್ಯಾಸದಲ್ಲೇ ಹಳೆಯ ಆಂಪ್ಲಿಫೈಯರು ಒಂದೆಳೆ ಹೊಗೆ ಬಿಟ್ಟು ಕಣ್ಣು ಮುಚ್ಚಿತು.

ಕಾರ್ಯಕ್ರಮಕ್ಕೆ ಹನ್ನೆರಡು ದಿನ ಉಳಿದಿತ್ತು. ಸರಿಯಾದದ್ದೊಂದು ಬರದಿದ್ದರೆ ಗಿಟಾರು ಮತ್ತೆ ಬೀರು ಏರುತ್ತದೆ, ಈ ಸಲ ಇಳಿಯುವುದಿಲ್ಲ. ಇದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಬೇಕಾದದ್ದು ಎರಡು ನಾದ. ಮೊದಲ ತುಣುಕಿಗೆ ಕ್ಲೀನ್, ಎರಡನೆಯದಕ್ಕೆ ಓವರ್‌ಡ್ರೈವ್. "ಕ್ಲೀನ್ ಅಂದ್ರೆ ತಂತಿ ಏನು ಹೇಳ್ತೋ ಅದೇ. ಓವರ್‌ಡ್ರೈವ್ ಅಂದ್ರೆ ಅದೇ ಮಾತು, ಗಂಟಲು ಉಬ್ಬಿ ಬಂದಿರೋದು," ಎಂದು ಅವಳು ಹಿಂದೊಮ್ಮೆ ವಿವರಿಸಿದ್ದಳು. ಒಳಗೆ ಗಾಜಿನ ವಾಲ್ವ್‌ಗಳು ಉರಿಯುವ ಹಳೇ ಮಾದರಿಯ ಆಂಪ್ಲಿಫೈಯರುಗಳಲ್ಲಿ ಆ ಗಂಟಲು ಚೆನ್ನಾಗಿ ಉಬ್ಬುತ್ತದಂತೆ.

ಗುರುವಾರ ಊಟಕ್ಕೆ ಕುಳಿತಾಗ ಅವಳು, "ಆಂಪ್ ತರಬೇಕಲ್ಲ ರೀ," ಎಂದಳು.

ಅಷ್ಟೇ ಸಾಕಾಯಿತು. ನಾನು ಎದ್ದುಹೋಗಿ ನನ್ನ ರೆಕಾರ್ಡರ್ ತಂದು ಮೇಜಿನ ಮೇಲಿಟ್ಟು ಕೆಂಪು ದೀಪ ಹೊತ್ತಿಸಿದೆ. ಪ್ರತಿ ಯೋಜನೆಯನ್ನೂ ಒಂದು ಪ್ರಾಸ್ತಾವಿಕ ಹೇಳಿಕೆಯೊಂದಿಗೆ ಆರಂಭಿಸುವುದು ನನ್ನ ಪದ್ಧತಿ.

"ಇದು ಆಯ್ಕೆಯ ಪ್ರಶ್ನೆ," ಎಂದೆ. "ಆಯ್ಕೆಗೆ ವಿಧಾನ ಬೇಕು. ವಿಧಾನ ನನ್ನ ಹತ್ರ ಇದೆ."

"ರೀ, ನಾನು ಆಗಲೇ..."

"ನೀನು ಹಿತಾಸಕ್ತಿ ಇರೋ ಪಕ್ಷ. ನಿನ್ನ ಅಭಿಪ್ರಾಯ ಮೊದಲೇ ಕಿವಿಗೆ ಬಿದ್ದರೆ ಫಲಿತಾಂಶ ಕೆಡುತ್ತೆ."

ಹದಿನಾಲ್ಕು ನಿಮಿಷ ಮಾತಾಡಿದೆ. ಸಾಕ್ಷ್ಯ ಎಂದರೇನು, ತೌಲನಿಕ ಅಧ್ಯಯನ ಎಂದರೇನು, ಅಂಗಡಿಗೆ ಹೋಗಿ ಕಣ್ಣಿಗೆ ಕಂಡದ್ದನ್ನು ಎತ್ತಿಕೊಂಡು ಬರುವ ಜನರಿಂದ ನಾಗರಿಕತೆಗಾದ ನಷ್ಟವೇನು, ಎಲ್ಲವೂ ಬಂದವು. ನಡುನಡುವೆ ಅವಳ ತುಟಿ ಅಲುಗುತ್ತಿತ್ತು. ಉಪ್ಪು ಕೇಳುತ್ತಿರಬೇಕೆಂದು ಉಪ್ಪಿನ ಡಬ್ಬಿಯನ್ನು ಅವಳತ್ತ ಸರಿಸಿದೆ. ಎರಡನೇ ಸಲವೂ ಸರಿಸಿದೆ.

ಕೊನೆಗೆ ತಟ್ಟೆ ಎತ್ತಿಕೊಂಡು ಏಳುವಾಗ ಅವಳು ಕೇಳಿದಳು: "ನಾನು ಹೇಳಿದ್ದು ಕೇಳಿಸ್ತಾ?"

"ಎಲ್ಲಾ ದಾಖಲಾಗಿದೆ," ಎಂದು ಕೆಂಪು ದೀಪ ತೋರಿಸಿದೆ.

"ಹಾಗಿದ್ರೆ ಸರಿ," ಎಂದು ಸಮಾಧಾನದಿಂದ ಒಳಗೆ ಹೋದಳು.

ಮುಂದಿನ ನಾಲ್ಕು ದಿನ ಪ್ರಶ್ನಾವಳಿಯ ರಚನೆಯಲ್ಲಿ ಕಳೆದವು. ಅರುವತ್ತನಾಲ್ಕು ಪ್ರಶ್ನೆಗಳಾದವು. ನನ್ನ ಎಂದಿನ ಪ್ರಶ್ನಾವಳಿಯಿಂದಲೇ ಹಲವನ್ನು ಎರವಲು ಪಡೆದದ್ದರಿಂದ 'ಬಾಲ್ಯದ ನೆನಪುಗಳು' ಎಂಬ ಭಾಗ ಉಳಿದುಕೊಂಡಿತು. ತೆಗೆಯಲು ಮನಸ್ಸು ಬರಲಿಲ್ಲ.

ಆರನೆಯ ದಿನ ವಾದ್ಯಗಳ ಅಂಗಡಿಗೆ ಹೋದೆ. ಉದ್ದನೆಯ ಅಂಗಡಿ. ಗೋಡೆಯುದ್ದಕ್ಕೂ ಗಿಟಾರುಗಳು ನೇತಾಡುತ್ತಿದ್ದವು, ಒಳತುದಿಯಲ್ಲಿ ಆಂಪ್ಲಿಫೈಯರುಗಳು ಸಾಲಾಗಿ ಕುಳಿತಿದ್ದವು. ಕುರ್ಚಿ ಎಲ್ಲೂ ಕಾಣಲಿಲ್ಲ. ಬಾಗಿಲ ಬಳಿ ಮೊಣಕಾಲೆತ್ತರದ ಒಂದು ಪೆಟ್ಟಿಗೆಯಿತ್ತು. ಅದರ ಮೇಲೆ ಕುಳಿತು ಕಡತ ಬಿಚ್ಚಿದೆ.

ಮಾಲೀಕರು ಓಡಿ ಬಂದರು. "ಸಾರ್, ಅದರ ಮೇಲೆ..."

"ಕ್ಷಮಿಸಿ," ಎಂದು ಕೈಯೆತ್ತಿದೆ. "ಪ್ರಶ್ನೆ ನಾನು ಕೇಳ್ತೀನಿ. ನೀವು ಉತ್ತರ ಹೇಳಿದರೆ ಸಾಕು. ಮಾರಾಟಕ್ಕಿರೋ ವಾಲ್ವ್ ಆಂಪ್‌ಗಳು ಎಷ್ಟು?"

"ಮಾರಾಟಕ್ಕೆ ಅಂದ್ರೆ ಒಂಬತ್ತು. ಆದ್ರೆ ಸಾರ್, ನೀವು ಕೂತಿರೋದು..."

"ಒಂಬತ್ತು," ಎಂದು ಬರೆದುಕೊಂಡೆ.

ಪಾಪ, ಒಳ್ಳೆಯ ಮನುಷ್ಯ. ಒಂಬತ್ತು ಪೆಟ್ಟಿಗೆಗಳ ಮುಂದೆಯೂ ಒಂದೇ ಗಿಟಾರು ಹಿಡಿದು, ಒಂದೇ ತುಣುಕನ್ನು ಮೊದಲು ಕ್ಲೀನಾಗಿ, ಆಮೇಲೆ ಓವರ್‌ಡ್ರೈವ್ ಮಾಡಿ ಬಾರಿಸಿದರು. ರೆಕಾರ್ಡರನ್ನು ಪ್ರತಿ ಸಲವೂ ಸ್ಪೀಕರಿನಿಂದ ಒಂದು ಮೊಳ ದೂರದಲ್ಲಿಟ್ಟೆ. ಪ್ರಶ್ನೆಗಳಿಗೂ ಉತ್ತರಿಸಿದರು. "ಈ ಯಂತ್ರದ ಸ್ವರ ಮೊದಲ ಬಾರಿ ಒಡೆದದ್ದು ಯಾವಾಗ?" ಎಂದಾಗ ಮಾತ್ರ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಸಾರ್, ನೀರು ಕುಡೀತೀರಾ?" ಎಂದರು. ಅದನ್ನೂ ದಾಖಲಿಸಿದೆ.

ಏಳನೆಯ ದಿನ ಮನೆಯಲ್ಲಿ ಪರೀಕ್ಷೆ. ಹೆಂಡತಿ, ನಾದಿನಿ ಇಬ್ಬರನ್ನೂ ಸೋಫಾದ ಮೇಲೆ ಕೂರಿಸಿ, ಯಾವುದು ಯಾವ ಆಂಪ್ ಎಂದು ಹೇಳದೆ ಎರಡರಿಂದ ಹತ್ತರವರೆಗಿನ ಧ್ವನಿಮುದ್ರಣಗಳನ್ನು ಕೇಳಿಸಿದೆ. ಒಂದನೆಯದು ನನ್ನ ಪ್ರಾಸ್ತಾವಿಕ ಹೇಳಿಕೆ. ಅದನ್ನು ಅವರು ಈಗಾಗಲೇ ಅನುಭವಿಸಿದ್ದರು.

ಐದನೆಯದರ ಹೊತ್ತಿಗೆ ನಾದಿನಿ ಆಕಳಿಸಿದಳು. "ಭಾವ, ಒಂದೇ ಡಬ್ಬಾನ ಎಷ್ಟು ಸಲ ಹಾಕ್ತೀರಿ?"

"ಇವು ಬೇರೆ ಬೇರೆ ಆಂಪ್‌ಗಳು."

"ಕ್ಲೀನ್ ಯಾವಾಗ ಬರುತ್ತೆ?"

"ಮೊದಲು ಬಂದದ್ದೇ ಕ್ಲೀನ್."

"ಅದಾ? ನಾನು ಯಾರೋ ಬಕೆಟ್ ಎಳೀತಿದ್ದಾರೆ ಅಂದ್ಕೊಂಡೆ."

ಹೆಂಡತಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಂಬತ್ತೂ ಮುಗಿದ ಮೇಲೆ ನಿಧಾನವಾಗಿ, "ಬಾಗಿಲ ಹತ್ರ ಇರೋದು ಇದರಲ್ಲಿ ಎಷ್ಟನೇದು?" ಎಂದಳು.

"ಸ್ಥಾನದ ಮಾಹಿತಿ ಕೊಡೋ ಹಾಗಿಲ್ಲ. ಪೂರ್ವಗ್ರಹ ಹುಟ್ಟುತ್ತೆ."

"ಆದ್ರೆ ಎಲ್ಲಾ ಒಂದೇ ಥರ ಕೇಳಿಸ್ತಿದೆಯಲ್ರೀ."

ನನಗೂ ಹಾಗೆಯೇ ಕೇಳಿಸಿತ್ತು. ವೈಜ್ಞಾನಿಕ ಮನೋಭಾವದವನಾದ್ದರಿಂದ ಸತ್ಯವನ್ನು ಒಪ್ಪಿಕೊಂಡೆ: ವಾಲ್ವ್ ಆಂಪ್ಲಿಫೈಯರುಗಳ ನಡುವೆ ನಾದದ ವ್ಯತ್ಯಾಸವಿಲ್ಲ, ಇದೆಯೆಂಬುದು ಸಂಗೀತಗಾರರು ತಲೆತಲಾಂತರದಿಂದ ಪೋಷಿಸಿಕೊಂಡು ಬಂದ ಐತಿಹ್ಯ. ಈ ಸಂಶೋಧನೆಯಿಂದ ರಾತ್ರಿಯಿಡೀ ಪುಳಕಗೊಂಡೆ. ನಾದ ಒಂದೇ ಎಂದಾದ ಮೇಲೆ ಆಯ್ಕೆಗೆ ಉಳಿದ ಆಧಾರ ಯಾವುದು? ಗಾತ್ರ, ತೂಕ, ವಾಲ್ವ್‌ಗಳ ಸಂಖ್ಯೆ.

ಎಂಟನೆಯ ದಿನ ಮನೆಗೆ ಬಂದದ್ದು ನೂರು ವ್ಯಾಟಿನ, ನಾಲ್ಕು ದೊಡ್ಡ ವಾಲ್ವ್‌ಗಳ, ಎರಡು ಸ್ಪೀಕರುಗಳ, ಮೂವತ್ತೆರಡು ಕಿಲೋ ತೂಕದ ಮಹಾಸ್ವಾಮಿ. ಏಳು ದಿನದೊಳಗೆ ತಂದರೆ ಬದಲಿಸಿಕೊಡುತ್ತೇನೆ, ಆದರೆ ಏನೂ ಕೆಟ್ಟಿರಬಾರದು ಎಂದು ಮಾಲೀಕರು ಎರಡೆರಡು ಸಲ ಹೇಳಿ ಕಳಿಸಿದ್ದರು. ಅದನ್ನು ಮೂರನೇ ಮಹಡಿಗೆ ಏರಿಸುವಾಗ ನನ್ನ ಬೆನ್ನು ಮೊದಲ ಮಹಡಿಯಲ್ಲೂ ಉಸಿರು ಎರಡನೆಯದರಲ್ಲೂ ಉಳಿದವು. ಮೂರನೆಯದಕ್ಕೆ ತಲುಪಿದ್ದು ಹೆಮ್ಮೆ ಮಾತ್ರ.

ಕ್ಲಿನಿಕ್ಕಿನಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. ಕೈಚೀಲ ಕೆಳಗಿಡಲಿಲ್ಲ.

"ಅದು ಸಿಗಲಿಲ್ವಾ?"

"ಸಿಕ್ಕಿದ್ದರಲ್ಲೆಲ್ಲ ಇದೇ ಶ್ರೇಷ್ಠ."

"ಓ. ಹೋಗಿಬಿಟ್ಟಿದೆ ಹಾಗಾದ್ರೆ." ಚೀಲ ಕೆಳಗಿಟ್ಟಳು. "ಇರಲಿ ಬಿಡಿ. ಪಾಪ, ಹೊತ್ತು ತಂದಿದ್ದೀರಿ."

ಆ 'ಪಾಪ'ದ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಮರುದಿನ ಸಂಜೆ ಅವಳು ಗಿಟಾರನ್ನು ಸಿಕ್ಕಿಸಿ ಗುಂಡಿಯನ್ನು ಒಂದಕ್ಕೆ ತಿರುಗಿಸಿ ಮೀಟಿದಳು. ತಿಳಿನೀರಿನಂಥ ಕ್ಲೀನ್. ನಾನು ನಾದಿನಿಯತ್ತ ವಿಜಯದ ನೋಟ ಬೀರಿದೆ. ಇನ್ನು ಓವರ್‌ಡ್ರೈವ್. ಗುಂಡಿ ಎರಡಕ್ಕೆ ಹೋಯಿತು: ಕ್ಲೀನ್, ಜೋರಾಗಿ. ಮೂರು: ಕ್ಲೀನ್; ಕಿಟಕಿಯ ಗಾಜುಗಳೂ ದನಿಗೂಡಿಸಿದವು. ನಾಲ್ಕು: ಕ್ಲೀನ್, ಗೋಡೆಯ ಮೇಲಿದ್ದ ನನ್ನ ಪದವಿ ಪ್ರದಾನದ ಚಿತ್ರ ನಾಚಿ ಗೋಡೆಗೆ ಮುಖ ಮಾಡಿತು. ಆದರೂ ಗಂಟಲು ಉಬ್ಬಲಿಲ್ಲ. ಐದಕ್ಕೆ ತಿರುಗಿಸುವ ಮೊದಲೇ ಬಾಗಿಲು ಬಡಿದ ಸದ್ದಾಯಿತು.

ಕೆಳಮನೆಯ ಗಡಿಯಾರ ರಿಪೇರಿಯವರು. ಮನೆಯಲ್ಲೇ ಮೇಜು ಹಾಕಿಕೊಂಡು ಕೆಲಸ ಮಾಡುವ ಮೃದು ಮನುಷ್ಯ. ಒಂದು ಕಣ್ಣಿಗೆ ಭೂತಗನ್ನಡಿ ಇನ್ನೂ ಅಂಟಿಕೊಂಡಿತ್ತು, ಕೈಯಲ್ಲಿ ಖಾಲಿ ಚಿಮಟ.

"ಮೇಷ್ಟ್ರೇ, ತೊಂದರೆ ಕೊಡ್ತಿದ್ದೀನಿ ಅಂತ ತಿಳ್ಕೋಬೇಡಿ," ಎಂದರು. "ಒಂದು ಸ್ಕ್ರೂ ಹಿಡ್ಕೊಂಡಿದ್ದೆ. ಹಾರಿಹೋಯ್ತು."

"ಎಷ್ಟು ದೊಡ್ಡದು?" ಎಂದು ನಾದಿನಿ ಕೇಳಿದಳು.

"ಸಾಸಿವೆ ಕಾಳನ್ನ ನಾಲ್ಕು ಮಾಡಿದ್ರೆ, ಅದರಲ್ಲಿ ಒಂದು."

ನಾಲ್ವರೂ ಅವರ ಮನೆಯ ನೆಲದ ಮೇಲೆ ಮಂಡಿಯೂರಿ ಒಂದು ಗಂಟೆ ಹುಡುಕಿದೆವು. ಒಂದು ಅಂಗಿಗುಂಡಿ, ಎರಡು ಇರುವೆ, ಅವರು ಹೋದ ವರ್ಷ ಕಳೆದುಕೊಂಡಿದ್ದ ಇನ್ನೊಂದು ಸ್ಕ್ರೂ ಸಿಕ್ಕವು. ಆ ಸಂಜೆ ಹಾರಿದ್ದು ಮಾತ್ರ ಸಿಗಲಿಲ್ಲ.

ಮೇಲೆ ಬಂದು ಹೆಂಡತಿ ಗಿಟಾರಿನ ತಂತಿಗಳನ್ನು ಬಟ್ಟೆಯಿಂದ ಒರೆಸಿದಳು. "ಎರಡನೇದು ಬೇಡ ಬಿಡಿ. ಮೊದಲನೇದು ಒಂದೇ ನುಡಿಸ್ತೀನಿ."

ಬಟ್ಟೆಯನ್ನು ಮಡಿಸಿಟ್ಟು ಅಂದಳು: "ಅದೊಂದಕ್ಕೋಸ್ಕರ ಇದನ್ನ ಕೆಳಗಿಳಿಸೋದೂ ಕಷ್ಟಾನೇ."

ಗಿಟಾರನ್ನು ಅದರ ಚೀಲಕ್ಕೆ ಹಾಕಿ ಜಿಪ್ ಎಳೆದಳು. ಅವಳ ಕಣ್ಣು ಒಂದು ಕ್ಷಣ ಬೀರುವಿನ ಮೇಲೆ ಹೋಗಿ ಬಂದದ್ದನ್ನು ನಾನು ನೋಡಿದೆ. ನಾನೂರ ಹನ್ನೆರಡು ಮುಖಗಳನ್ನು ಓದಿದವನಿಗೆ ಅಷ್ಟು ಓದಲು ಬರುತ್ತದೆ.

ಹತ್ತನೆಯ ದಿನ ಬೆಳಿಗ್ಗೆ ಅವಳು ಕ್ಲಿನಿಕ್ಕಿಗೆ ಹೋದ ಕೂಡಲೇ ರಂಗಕ್ಕಿಳಿದೆ. ಓವರ್‌ಡ್ರೈವ್ ಎಷ್ಟನೇ ಅಂಕೆಯಲ್ಲಿ ಹುಟ್ಟುತ್ತದೆಂದು ಪತ್ತೆಮಾಡಿ ಅವಳಿಗೆ ತೋರಿಸಿಬಿಡಬೇಕು, ಕೆಳಗಿನವರಿಗೂ ತೊಂದರೆಯಾಗಬಾರದು. ಯೋಚಿಸಿದೆ. ಶಬ್ದ ಬರುವುದು ಸ್ಪೀಕರಿನಿಂದ. ಸ್ಪೀಕರಿನ ತಂತಿ ಕಿತ್ತರೆ ಶಬ್ದವಿಲ್ಲ. ಶಬ್ದವಿಲ್ಲದಿದ್ದರೇನು, ವಾಲ್ವ್‌ಗಳ ಬೆಳಕು ಕಣ್ಣಿಗೆ ಕಾಣುತ್ತದಲ್ಲ. ಯಾವ ಅಂಕೆಯಲ್ಲಿ ಅವು ಕೆಂಪೇರುತ್ತವೋ ಅದೇ ಓವರ್‌ಡ್ರೈವ್. ಇಷ್ಟು ಸರಳವಾದದ್ದು ಬೇರಾರಿಗೂ ಏಕೆ ಹೊಳೆದಿಲ್ಲ ಎಂದು ಆಶ್ಚರ್ಯಪಟ್ಟೆ. ಹೊಳೆದವರು ಹೇಳಿಕೊಂಡಿರಲಾರರು ಎಂಬುದು ಈಗಿನ ಅಭಿಪ್ರಾಯ.

ಸ್ಪೀಕರಿನ ತಂತಿ ಕಿತ್ತು, ಗಿಟಾರನ್ನು ಚೀಲದಿಂದ ತೆಗೆದು ಸಿಕ್ಕಿಸಿದೆ. ಗುಂಡಿಯನ್ನು ಆರಕ್ಕೆ ತಿರುಗಿಸಿ ಆರೂ ತಂತಿಗಳನ್ನು ಸೇರಿಸಿ ಬಾರಿಸಿದೆ. ಕೇಳಿಸಿದ್ದು ಬರಿ ತಂತಿಯ ಟಣಟಣ. ಏಳಕ್ಕೆ ತಿರುಗಿಸಿ ಮತ್ತೆ ಬಾರಿಸಿದೆ. ಒಳಗೆಲ್ಲೋ ಟಪ್ ಎಂದಿತು. ನಾಲ್ಕೂ ವಾಲ್ವ್‌ಗಳು ಒಮ್ಮೆಗೇ ಕಪ್ಪಾದವು. ಬಿಸಿ ಅರಗಿನಂಥ ವಾಸನೆಯೊಂದು ಮೆಲ್ಲನೆ ಎದ್ದು ಬಂದು ನನ್ನ ಮುಖ ನೋಡಿ ಹೋಯಿತು.

ಏನೂ ಕೆಟ್ಟಿರಬಾರದು ಎಂದಿದ್ದರು ಅಂಗಡಿಯವರು. ಎರಡು ದಿನಕ್ಕೆ ಕಾರ್ಯಕ್ರಮ. ಮೆಟ್ಟಿಲಿಳಿದು ಹೋಗಿ, ಯಾರ ಸ್ಕ್ರೂ ಹಾರಿಸಿದ್ದೆನೋ ಅವರ ಬಾಗಿಲನ್ನೇ ಬಡಿದೆ.

ಗಡಿಯಾರದವರು ಎಲ್ಲ ಕೇಳಿಕೊಂಡರು. "ಅಳಬೇಡಿ ಮೇಷ್ಟ್ರೇ. ನಮ್ಮಕ್ಕ ಇದ್ದಾಳೆ. ಆಸ್ಪತ್ರೆ ಯಂತ್ರಗಳನ್ನ ರಿಪೇರಿ ಮಾಡ್ತಿದ್ಲು. ಈಗ ಮನೇಲಿ ಹಳೇ ರೇಡಿಯೋ ಮಾಡ್ತಾಳೆ. ಎಲ್ಲರೂ ವಾಲ್ವ್ ಅಮ್ಮ ಅಂತಾನೇ ಕರೆಯೋದು."

ನಾನು ಅಳುತ್ತಿರಲಿಲ್ಲ; ಬೆವರು ಕಣ್ಣಿನಿಂದ ಇಳಿಯುತ್ತಿತ್ತು. ಇಬ್ಬರೂ ಸೇರಿ ಮಹಾಸ್ವಾಮಿಯನ್ನು ಎದೆಗವಚಿಕೊಂಡು ಮೂರು ಮಹಡಿ ಇಳಿದು, ಎರಡು ಬೀದಿ ದಾಟಿದೆವು. ನಾನು ಮುಂದೆ, ರೆಕಾರ್ಡರ್ ಎಂದಿನಂತೆ ಕೊರಳಲ್ಲಿ. ಕೆಲಸದ ಏಪ್ರನ್ ತೊಟ್ಟ ಅವರು ಹಿಂದೆ.

ವಾಲ್ವ್ ಅಮ್ಮನ ಮನೆಯ ಹಜಾರದಲ್ಲಿ ಹೊಟ್ಟೆ ಬಿಚ್ಚಿಕೊಂಡ ರೇಡಿಯೋಗಳು ಮಲಗಿದ್ದವು. ಬೆಳ್ಳಿ ಕೂದಲಿನ, ದಪ್ಪ ಕನ್ನಡಕದ ಹೆಂಗಸು. ನನ್ನ ವೃತ್ತಾಂತವನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಕಲಿಯಬೇಕಾದ ಗುಣ.

"ಏನಪ್ಪಾ, ಓದಿದವನ ಹಾಗೆ ಕಾಣ್ತೀಯ," ಎಂದರು. "ಸ್ಪೀಕರ್ ತೆಗೆದು ವಾಲ್ವ್ ಆಂಪ್ ಓಡಿಸೋದು ಅಂದ್ರೆ ಬಾಗಿಲು ಹಾಕಿರೋ ಕೋಣೇಲಿ ಗೂಳಿ ಬಿಟ್ಟ ಹಾಗೆ. ಹೊರಗೆ ಹೋಗೋ ದಾರಿ ಇಲ್ಲದಿದ್ರೆ ಒಳಗಿರೋದನ್ನೇ ಗುಮ್ಮುತ್ತೆ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ರೆ ಮುಗೀತು."

ಹಿಂಬದಿಯ ಹಲಗೆ ಬಿಚ್ಚಿದರು. ಮೀಟರಿನ ಮೊನೆಗಳನ್ನು ಅಲ್ಲಿ ಮುಟ್ಟಿಸಿದರು, ಇಲ್ಲಿ ಮುಟ್ಟಿಸಿದರು. ಆಮೇಲೆ ಕಡ್ಡಿಯಷ್ಟು ಗಾಜಿನ ಒಂದು ಕೊಳವೆಯನ್ನು ಹೊರತೆಗೆದು ಬೆಳಕಿಗೆ ಹಿಡಿದರು.

"ಫ್ಯೂಸು. ನಿನ್ನ ಬದಲು ಇದು ಸತ್ತಿದೆ. ಮಿಕ್ಕಿದ್ದೆಲ್ಲಾ ನೆಟ್ಟಗಿದೆ."

ಜೀವ ಎಂಬುದು ಹೋಗಿ ಬರುವಾಗ ಮಂಡಿಯ ಮೂಲಕ ಬರುತ್ತದೆಂದು ಅಂದು ತಿಳಿಯಿತು. ನಾನು ನೆಲದ ಮೇಲೆ ಕುಳಿತುಬಿಟ್ಟೆ.

"ತಮ್ಮಾ," ಎಂದು ಅವರು ಸ್ಪೀಕರಿನ ಬೆನ್ನಿಗಿರುವ ಅಯಸ್ಕಾಂತದತ್ತ ಬಾಗಿ, ಉಗುರಿನ ತುದಿಯಿಂದ ಏನನ್ನೋ ಕೆರೆದರು. "ಇದು ನಿನ್ನದಾ?"

ಸಾಸಿವೆಯ ಕಾಲುಭಾಗ! ತಮ್ಮನ ಏಪ್ರನ್ನಿನ ಮಡಿಕೆಯಲ್ಲಿ ಒಂದು ರಾತ್ರಿ ಕಳೆದ ಸ್ಕ್ರೂ, ದಾರಿಯಲ್ಲಿ ಅಯಸ್ಕಾಂತಕ್ಕೆ ಮನಸೋತು ಹಾರಿಕೊಂಡಿತ್ತು. ಗಡಿಯಾರದವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲೇ ನೆಲದ ಮೇಲೆ ಕುಳಿತರು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಗುತ್ತಿದ್ದೆವು.

"ಬಾರಿಸೋರು ಯಾರು?" ಎಂದರು ವಾಲ್ವ್ ಅಮ್ಮ, ಹೊಸ ಫ್ಯೂಸು ಹಾಕುತ್ತ.

"ನನ್ನ ಹೆಂಡತಿ."

"ಈ ಗೂಳೀನ ಅವಳು ಕೇಳಿದ್ಲಾ? ಇದು ಮನೆ ಹೆಂಚು ಹಾರೋ ತನಕ ಕ್ಲೀನೇ. ಓವರ್‌ಡ್ರೈವ್ ಬೇಕು ಅಂದ್ರೆ ಸಣ್ಣದು ತರಬೇಕು. ಸಣ್ಣ ಜೀವಕ್ಕೆ ಬೇಗ ಗಂಟಲು ಉಬ್ಬುತ್ತೆ."

"ಒಂಬತ್ತನ್ನೂ ಧ್ವನಿಮುದ್ರಿಸಿ ಹೋಲಿಸಿದ್ದೀನಿ. ನಾದದಲ್ಲಿ ವ್ಯತ್ಯಾಸ ಇಲ್ಲ," ಎಂದು ರೆಕಾರ್ಡರ್ ಕೊಟ್ಟೆ. ದನಿಯಲ್ಲಿ ಇನ್ನೂ ಚೂರು ಗರ್ವ ಉಳಿದಿತ್ತು.

ಅವರು ಅದನ್ನು ತಿರುಗಿಸಿ ನೋಡಿದರು. "ಇದೇನಿದು, ಗಾಯ ಆಗಿದೆಯಾ?"

ರೆಕಾರ್ಡರಿನ ಪಕ್ಕದ ಒಂದು ಸ್ವಿಚ್ಚಿನ ಮೇಲೆ ನಾನು ಹನ್ನೊಂದು ವರ್ಷಗಳ ಹಿಂದೆ ಔಷಧದ ಪ್ಲಾಸ್ಟರ್ ಅಂಟಿಸಿದ್ದೆ. ಪಿಸುಗುಡುವ ಅಜ್ಜಿಯನ್ನು ಮೇಲೆತ್ತಿ, ಗುಡುಗುವ ಅಜ್ಜನನ್ನು ಕೆಳಗೊತ್ತಿ, ಮಾತಿಗೆ ಬೇಡದ ಸದ್ದನ್ನೆಲ್ಲ ಕತ್ತರಿಸಿ, ಎಲ್ಲರನ್ನೂ ಒಂದೇ ಮಟ್ಟಕ್ಕೆ ತರುವ ಸ್ವಿಚ್ಚು ಅದು. ಅಪ್ಪಿತಪ್ಪಿ ಆರದಿರಲೆಂದು ಅಂಟಿಸಿ, ಅಂಟಿಸಿದ್ದನ್ನು ಮರೆತಿದ್ದೆ.

ವಾಲ್ವ್ ಅಮ್ಮ ಪ್ಲಾಸ್ಟರನ್ನು ನಿಧಾನವಾಗಿ ಕಿತ್ತರು. ನನಗೇ ನೋವಾಯಿತು.

"ಒಂಬತ್ತು ಆಂಪ್‌ನ ಒಂದೇ ಅಜ್ಜಿ ಮಾಡಿದ್ದೀಯಲ್ಲಪ್ಪಾ," ಎಂದು, ಪರೀಕ್ಷಿಸಲು ಮೊದಲನೇ ಧ್ವನಿಮುದ್ರಣವನ್ನೇ ಹಚ್ಚಿದರು.

ನನ್ನ ಪ್ರಾಸ್ತಾವಿಕ ಹೇಳಿಕೆ. ಹಜಾರದ ತುಂಬ ನನ್ನ ಗಂಭೀರ ಕಂಠ ಹರಡಿತು. ಒಂದೆರಡು ನಿಮಿಷ ಕಳೆಯುವುದರೊಳಗೆ ನನ್ನ ಕಿವಿ ಬಿಸಿಯಾಯಿತು. ನಾನು ಮಾತಾಡುವಾಗ ರೆಕಾರ್ಡರು ತ್ರಾಣವಿಲ್ಲದೆ ತಗ್ಗುತ್ತಿತ್ತು. ನಾನು ಉಸಿರೆಳೆಯಲು ನಿಂತಾಗಲೆಲ್ಲ, ಆ ಸ್ವಿಚ್ಚಿನ ಕೃಪೆಯಿಂದ, ಮೇಜಿನ ಆಚೆ ಬದಿಯ ಮೆಲುದನಿಯೊಂದು ತೇಲಿ ಮೇಲೆ ಬರುತ್ತಿತ್ತು. ವೃತ್ತಿಧರ್ಮಕ್ಕೆ ಬದ್ಧನಾಗಿ ಅದನ್ನು ಇಲ್ಲಿ ಅಕ್ಷರಕ್ಕಿಳಿಸುತ್ತೇನೆ.

ಸಂಗ್ರಾಹಕ: ...ತೌಲನಿಕ ಅಧ್ಯಯನದ ಮೊದಲ ಹೆಜ್ಜೆ ಏನಪ್ಪಾ ಅಂದರೆ... (ಉಸಿರು)

ಹೆಂಡತಿ: ...ಹದಿನೈದು ವ್ಯಾಟ್‌ದು ರೀ, ಒಂದೇ ಸ್ಪೀಕರ್, ನಾನೇ ನುಡಿಸಿ ನೋಡಿ ಬಂದಿ...

ಸಂಗ್ರಾಹಕ: ...ಸಾಕ್ಷಿಯ ಮಾತನ್ನು ಪೂರ್ತಿ ಆಲಿಸುವುದು. ಜನರಿಗೆ ಆಲಿಸುವ ತಾಳ್ಮೆಯೇ ಇಲ್ಲ... (ಉಸಿರು)

ಹೆಂಡತಿ: ...ಬಾಗಿಲ ಹತ್ರಾನೇ ಇಡ್ತೀನಿ ಅಂದಿದ್ದಾರೆ, ಚೀಟಿ ಅಂಟಿಸಿ...

ಸಂಗ್ರಾಹಕ: ...ಉಪ್ಪಾ? ತಗೋ... (ಉಪ್ಪಿನ ಡಬ್ಬಿ ಸರಿಯುವ ಸದ್ದು)

ಹೆಂಡತಿ: ...ಉಪ್ಪಲ್ಲ ರೀ. ನೀವು ಹೋಗಿ ಎತ್ತಿಕೊಂಡು ಬಂದ್ರೆ ಸಾಕು.

ವಾಲ್ವ್ ಅಮ್ಮ ಯಂತ್ರ ನಿಲ್ಲಿಸಿದರು. ಗಡಿಯಾರದವರು ತಮ್ಮ ಸ್ಕ್ರೂವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ನೀನು ಎಂಥ ಕೆಲಸ ಮಾಡೋದು ಅಂದೆ?" ಎಂದು ಅಮ್ಮ ಕೇಳಿದರು.

"ಜನ ಹೇಳಿದ್ದನ್ನ ಕೇಳಿಸಿಕೊಳ್ಳೋ ಕೆಲಸ," ಎಂದೆ.

ಅದೇ ಸಂಜೆ ಮಹಾಸ್ವಾಮಿಯನ್ನು ಆಟೋದಲ್ಲಿ ಕೂರಿಸಿ ಅಂಗಡಿಗೆ ಹೋದೆ. 'ಫ್ಯೂಸು ಮಾತ್ರ ಹೋಗಿತ್ತು, ಹಾಕಿದ್ದೇನೆ, ಬೇರೇನೂ ಕೆಟ್ಟಿಲ್ಲ' ಎಂದು ವಾಲ್ವ್ ಅಮ್ಮ ಬರೆದುಕೊಟ್ಟ ಚೀಟಿಯನ್ನು ಮಾಲೀಕರ ಕೈಗಿಟ್ಟು, ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಅವರು ಆ ಅಕ್ಷರ ನೋಡಿದವರೇ, "ಅಮ್ಮ ಹೇಳಿದ್ಮೇಲೆ ಮುಗೀತು," ಎಂದು ದೊಡ್ಡದನ್ನು ಒಳಗೆ ತಳ್ಳಿಸಿದರು. ನನಗೆ ಎರಡನೇ ಸಲ ಜೀವ ಬಂತು.

"ಬಾಗಿಲ ಹತ್ರ ಒಂದು ಇದೆಯಂತೆ," ಎಂದೆ ಮೆಲ್ಲಗೆ.

"ಅದನ್ನೇ ಸಾರ್ ನಾನು ಅವತ್ತು ಎರಡು ಸಲ ಹೇಳೋಕೆ ಬಂದಿದ್ದು."

ಅವರು ತೋರಿಸಿದ ಕಡೆ ನೋಡಿದೆ. ಮೊಣಕಾಲೆತ್ತರದ ಪೆಟ್ಟಿಗೆ. ಅದರ ನೆತ್ತಿಯ ಮೇಲೊಂದು ಚೀಟಿ, ನಡುವೆ ಸುಕ್ಕುಸುಕ್ಕಾಗಿ, ಭಾರವಾದದ್ದೇನೋ ಎರಡು ಗಂಟೆ ಅದರ ಮೇಲೆ ಇದ್ದಿತೆಂಬುದಕ್ಕೆ ಸಾಕ್ಷಿಯಾಗಿ. ಹೆಂಡತಿಯ ಅಕ್ಷರ: 'ಹಲ್ಲಿನ ಡಾಕ್ಟರಿಗೆ. ಯಜಮಾನರು ಬಂದು ತೆಗೆದುಕೊಂಡು ಹೋಗುತ್ತಾರೆ.'

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ನನ್ನ ಸಾಕ್ಷಿಗಳು ಎಷ್ಟೋ ಸಲ ಹೇಳಿದ್ದಾರೆ. ನನ್ನ ಪ್ರಕರಣದಲ್ಲಿ ಕೂಸು ಕಂಕುಳಿಗಿಂತ ಸಾಕಷ್ಟು ಕೆಳಗಿತ್ತು.

ಹಗುರವಾದ ಪೆಟ್ಟಿಗೆ. ಮೂರು ಮಹಡಿಯನ್ನು ಒಬ್ಬನೇ ಏರಿದೆ. ಈ ಸಲ ಬೆನ್ನು, ಉಸಿರು ಎರಡೂ ಜೊತೆಗೆ ಬಂದವು, ಹೆಮ್ಮೆ ಮಾತ್ರ ಕೆಳಗೇ ಉಳಿಯಿತು. ಬಾಗಿಲು ತೆರೆದ ಹೆಂಡತಿ ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು, ಸುಕ್ಕಾದ ಚೀಟಿಯನ್ನು ನೋಡಿದಳು. ಗಿಟಾರು ಚೀಲದಿಂದ ಈಚೆ ಬಂತು. ಅದರ ಮೇಲಿನ ಗುಂಡಿಯನ್ನು ತಗ್ಗಿಸಿ ಮೀಟಿದಳು: ತಂತಿ ಏನು ಹೇಳಿತೋ ಅದೇ. ಕಿರುಬೆರಳಿನಿಂದ ಆ ಗುಂಡಿಯನ್ನು ಮೇಲಕ್ಕೆ ತಿರುಗಿಸಿದಳು: ಅದೇ ಮಾತು, ಗಂಟಲು ಉಬ್ಬಿ. ಒಂದೇ ಪೆಟ್ಟಿಗೆ, ಒಂದು ಕಿರುಬೆರಳು, ಎರಡು ನಾದ. ಅರುವತ್ತನಾಲ್ಕು ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಕೆಳಗಿನಿಂದ ಯಾರೂ ಬಂದು ಬಾಗಿಲು ಬಡಿಯಲಿಲ್ಲ.

ಹನ್ನೆರಡನೆಯ ದಿನ ಸಂಜೆ ಅವಳು ಎರಡೂ ತುಣುಕು ನುಡಿಸಿದಳು. ಎರಡನೆಯದರ ನಡುವೆ ಆ ಕಿರುಬೆರಳು ಅಲುಗಿದಾಗ, ಮೂರನೇ ಸಾಲಿನಲ್ಲಿದ್ದ ವಾಲ್ವ್ ಅಮ್ಮ ತಮ್ಮನ ತೋಳನ್ನು ತಿವಿದದ್ದು ಕಂಡಿತು. ನಾದಿನಿ ಡ್ರಮ್ಸ್ ಮೇಲೆ ಒಂದು ವಾರದ ಕಲಿಯುವವರೆಲ್ಲರ ಲೆಕ್ಕ ತೀರಿಸಿದಳು. ನಾನು ಪ್ಲಾಸ್ಟರ್ ಇಲ್ಲದ ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡು, ಒಂದಕ್ಷರವನ್ನೂ ಆಡದೆ ಕುಳಿತಿದ್ದೆ. ಗಿಟಾರು ಈಗ ಬೀರುವಿನ ಮೇಲಿಲ್ಲ. ಸೋಫಾದಲ್ಲಿ ನಾನು ಕೂರುತ್ತಿದ್ದ ಜಾಗದಲ್ಲಿ ಇದೆ.

ಉಳಿದದ್ದು ಒಂದು ವಿಧಿ. ಸಾಕ್ಷಿಯ ಹೇಳಿಕೆಯನ್ನು ಅಕ್ಷರಕ್ಕಿಳಿಸಿದ ಮೇಲೆ ಅವರ ಸಹಿ ಪಡೆಯಬೇಕೆಂಬುದು ನಮ್ಮ ವಿಭಾಗದ ನಿಯಮ. ಗುರುವಾರದ ಧ್ವನಿಮುದ್ರಣವನ್ನು ನಾನೂರ ಹದಿಮೂರನೆಯದಾಗಿ ಬರೆದು, ನಮೂನೆ ತುಂಬಿಸಿ ಅವಳ ಮುಂದಿಟ್ಟೆ. ಒಟ್ಟು ಅವಧಿ: ಹದಿನಾಲ್ಕು ನಿಮಿಷ. ಸಾಕ್ಷಿ ಮಾತಾಡಿದ ಅವಧಿ: ಇಪ್ಪತ್ತೊಂದು ಸೆಕೆಂಡು.

ಅವಳು ಪೂರ್ತಿ ಓದಿದಳು. ಉಪ್ಪಿನ ಡಬ್ಬಿಯ ಸಾಲಿಗೆ ಬಂದಾಗ ಭುಜ ಕುಲುಕಿತು. ಸಹಿ ಹಾಕಿ, ಪೆನ್ನಿನ ಕ್ಯಾಪ್ ಮುಚ್ಚಿ ಹೇಳಿದಳು:

"ಇನ್ಮೇಲೆ ಮುಖ್ಯವಾದ್ದು ಏನಾದ್ರೂ ಹೇಳೋದಿದ್ರೆ ನಿಮ್ಮನ್ನ ಕ್ಲಿನಿಕ್‌ಗೇ ಕರೆಸ್ಕೋತೀನಿ. ಅಲ್ಲಾದ್ರೆ ಬಾಯಿಗೆ ಹತ್ತಿ ಇಟ್ಟು ಶುರು ಮಾಡಬಹುದು."

ಅದಕ್ಕೆ ನನ್ನಲ್ಲಿ ಮೂರು ಅಂಶಗಳ ಉತ್ತರವೊಂದು ಸಿದ್ಧವಿತ್ತು. ಬಾಯಿ ತೆರೆದೆ. ಅವಳು ಉಪ್ಪಿನ ಡಬ್ಬಿಯನ್ನು ನನ್ನತ್ತ ಸರಿಸಿದಳು.